ಆಟೊಮ್ಯಾಟಿಕ್ ಟ್ರಾನ್ಸ್‌ಆಕ್ಸಲ್ ಸರ್ವಿಸ್: ಬೋಲ್ಟ್ ಬಿಗಿ ಮಾಡಲು ಯಾವ ಟಾರ್ಕ್ ರೆಂಚ್, ಯಾವ ವಿಧಾನ?

2006ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿವಿಕ್‌ನ ಐದು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೇ ತೆಗೆದುಕೊಳ್ಳಿ. ಎಣ್ಣೆ ಇಳಿಸುವ ಡ್ರೈನ್ ಪ್ಲಗ್‌ಗೆ ಹಾಕಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, 49 ನ್ಯೂಟನ್ ಮೀಟರ್. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂರಿಸುವ 12 ಮಿ.ಮೀ. ಬೋಲ್ಟ್‌ಗಳಿಗೆ 64. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಎಂಜಿನ್ ಕಡೆಯ ಡ್ರೈವ್ ಪ್ಲೇಟ್‌ಗೆ ಹಿಡಿಸುವ ಎಂಟು ಸಣ್ಣ ಬೋಲ್ಟ್‌ಗಳಿಗೆ ಬರೀ 12. ಡ್ರೈವ್ ಶಾಫ್ಟ್ ಕಳಚಿದ್ದರೆ ಅದರ ತುದಿಯ ನಟ್‌ಗೆ 181, ಕೊನೆಯಲ್ಲಿ ಚಕ್ರದ ನಟ್‌ಗೆ 108. ಕಾರು ಒಂದೇ, ಕೆಲಸ ಒಂದೇ, ಆದರೆ ಕನಿಷ್ಠಕ್ಕೂ ಗರಿಷ್ಠಕ್ಕೂ ಹದಿನೈದು ಪಟ್ಟು ಅಂತರ. ಇಷ್ಟು ಅಗಲದ ವ್ಯಾಪ್ತಿಯನ್ನು ಯಾವ ಒಂದು ರೆಂಚೂ ನೆಟ್ಟಗೆ ನಿಭಾಯಿಸುವುದಿಲ್ಲ.

ಟಾರ್ಕ್ ರೆಂಚ್ ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ದೊಡ್ಡದರಿಂದ ಶುರು ಮಾಡುತ್ತಾರೆ. ಚಕ್ರಕ್ಕೂ ಆಗುತ್ತದೆ, ಎಲ್ಲದಕ್ಕೂ ಆಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಅರ್ಧ ಇಂಚಿನ ಡ್ರೈವ್ (ಸಾಕೆಟ್ ಕೂರುವ ಚೌಕ ತುದಿ) ಇರುವ, 40ರಿಂದ 200 ನ್ಯೂಟನ್ ಮೀಟರ್‌ನ ರೆಂಚ್ ಮನೆಗೆ ಬರುತ್ತದೆ. ಟ್ರಾನ್ಸ್‌ಆಕ್ಸಲ್ (ಇಂಥ ಗೇರ್‌ಬಾಕ್ಸ್) ಮಟ್ಟಿಗೆ ಈ ಆಯ್ಕೆ ತಲೆಕೆಳಗು. ಇಲ್ಲಿ ದೊಡ್ಡ ಬೋಲ್ಟ್‌ಗಳು ಕಡಿಮೆ, ಅವು ಗಟ್ಟಿಯೂ ಹೌದು. ಥ್ರೆಡ್ ಹೋಗುವುದು, ತಲೆ ಮುರಿಯುವುದು, ಸೋರುವುದು, ಗೇರ್ ಬೀಳುವಾಗ ಝಟಕಾ ಕೊಡುವುದು, ಇವೆಲ್ಲ ಬಹುಪಾಲು 6 ಮಿ.ಮೀ.ನ ಸಣ್ಣ ಬೋಲ್ಟ್‌ಗಳ ಕಡೆಯಿಂದಲೇ ಬರುವ ತೊಂದರೆಗಳು. ಆದ್ದರಿಂದ ನನ್ನ ಸಲಹೆ ನೇರ: ಹಣ ಒಂದಕ್ಕೇ ಇದ್ದರೆ ಮೊದಲು ಸಣ್ಣ ರೆಂಚ್ ಕೊಳ್ಳಿ, ಒಳ್ಳೆಯದನ್ನೇ ಕೊಳ್ಳಿ. ಏಕೆ ಎಂಬುದನ್ನು ವಿವರವಾಗಿ ಹೇಳುತ್ತೇನೆ.

ಬೋಲ್ಟ್ ಒಳಗೆ ಏನು ನಡೆಯುತ್ತದೆ

ಟ್ರಾನ್ಸ್‌ಆಕ್ಸಲ್ ಎಂದರೆ ಗೇರ್‌ಬಾಕ್ಸ್ ಮತ್ತು ಎರಡು ಬದಿಯ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಜೋಡಣೆ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಇರುವುದು ಇದೇ. ಪೆಟ್ಟಿಗೆ ಅಲ್ಯುಮಿನಿಯಂ ಎರಕದ್ದು, ಬೋಲ್ಟ್ ಉಕ್ಕಿನದು. ಜಗಳಕ್ಕೆ ಬಿದ್ದರೆ ಸೋಲುವುದು ಅಲ್ಯುಮಿನಿಯಮ್ಮೇ.

ಬೋಲ್ಟ್ ಬಿಗಿ ಮಾಡುವುದೆಂದರೆ ಅದನ್ನು ಕೊಂಚ ಎಳೆದು ಉದ್ದ ಮಾಡುವುದು. ಎಳೆದ ಬೋಲ್ಟ್ ಹಿಂದಕ್ಕೆ ಕುಗ್ಗಲು ನೋಡುತ್ತದೆ, ಆ ಕುಗ್ಗುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ನಮಗೆ ಬೇಕಾದದ್ದು ಈ ಒತ್ತುಬಲ. ರೆಂಚ್ ಅಳೆಯುವುದು ಮಾತ್ರ ತಿರುಗಿಸುವ ಬಲ. ನಾವು ಹಾಕುವ ಟಾರ್ಕ್‌ನಲ್ಲಿ ಸುಮಾರು ಅರ್ಧ ಬೋಲ್ಟ್ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ, ಸುಮಾರು ಶೇ 40 ಥ್ರೆಡ್‌ನ ಉಜ್ಜಾಟಕ್ಕೆ. ಉಳಿದ ಶೇ 10 ಮಾತ್ರ ಬೋಲ್ಟನ್ನು ಎಳೆಯುತ್ತದೆ. ಉಜ್ಜಾಟ ಸ್ವಲ್ಪ ಬದಲಾದರೂ ಒತ್ತುಬಲ ದೊಡ್ಡದಾಗಿ ಬದಲಾಗುವುದು ಇದರಿಂದಲೇ.

ಒಂದು ಲೆಕ್ಕ ಹಾಕಿ ನೋಡೋಣ. ಒಣಗಿದ ಉಕ್ಕಿನ ಥ್ರೆಡ್‌ಗೆ ಪಠ್ಯಪುಸ್ತಕಗಳು ಕೊಡುವ ಗುಣಾಂಕ 0.2, ಎಣ್ಣೆ ಸವರಿದ್ದಕ್ಕೆ ಸುಮಾರು 0.15. ಟಾರ್ಕನ್ನು ಈ ಗುಣಾಂಕದಿಂದಲೂ ಮೀಟರ್‌ನಲ್ಲಿ ಬೋಲ್ಟ್‌ನ ದಪ್ಪದಿಂದಲೂ ಭಾಗಿಸಿದರೆ ಒತ್ತುಬಲ ಸಿಗುತ್ತದೆ. ಎಂ6, ಅಂದರೆ 6 ಮಿ.ಮೀ. ಬೋಲ್ಟ್‌ಗೆ 12 ನ್ಯೂಟನ್ ಮೀಟರ್ ಹಾಕಿದರೆ, ಒಣಗಿದ್ದಾಗ ಒತ್ತುಬಲ 10,000 ನ್ಯೂಟನ್, ಅಂದರೆ ಹೆಚ್ಚುಕಡಿಮೆ ಒಂದು ಟನ್. ಅದೇ ಬೋಲ್ಟ್‌ಗೆ ಎಣ್ಣೆ ತಾಗಿ, ರೆಂಚ್ ಅದೇ 12 ತೋರಿಸಿದರೂ, ಒತ್ತುಬಲ 13,300 ನ್ಯೂಟನ್. 8.8 ಎಂಬ ಗಟ್ಟಿತನದ ದರ್ಜೆಯ ಎಂ6 ಬೋಲ್ಟ್ ಶಾಶ್ವತವಾಗಿ ಹಿಗ್ಗದೆ ತಾಳಿಕೊಳ್ಳುವ ಮಿತಿ ಸುಮಾರು 11,600 ನ್ಯೂಟನ್. ರೆಂಚ್ ಸರಿಯಾಗಿದೆ, ಅಂಕಿ ಸರಿಯಾಗಿದೆ, ಬೋಲ್ಟ್ ಮಾತ್ರ ಮಿತಿ ದಾಟಿದೆ. ನಿಜವಾದ ಬೋಲ್ಟ್‌ಗಳಿಗೆ ಇರುವ ಲೇಪನದಿಂದ ಅಂಕಿಗಳು ಆಚೀಚೆ ಆಗುತ್ತವೆ, ಆದರೆ ಲೆಕ್ಕ ಹೋಗುವ ದಿಕ್ಕು ಇದೇ.

ಇನ್ನು ಥ್ರೆಡ್ ಹೋಗುವ ಕ್ಷಣ. ಎಂ6 ಬೋಲ್ಟ್ ತಿರುಗಿಸುತ್ತಾ ಹೋದಂತೆ ಕೈಗೆ ಬರುವ ಎದುರೊತ್ತು ಏರುತ್ತಾ ಬರುತ್ತದೆ. ಒಂದು ಹಂತದಲ್ಲಿ ಏರುವುದು ನಿಂತು, ಬೋಲ್ಟ್ ಬೆಣ್ಣೆಯಲ್ಲಿ ತಿರುಗಿದ ಹಾಗೆ ಮೆತ್ತಗಾಗುತ್ತದೆ. ಅಲ್ಲಿಗೆ ಕೆಲಸ ಕೆಟ್ಟಿತು. ಹೊರಗೆ ತೆಗೆದರೆ ಬೋಲ್ಟ್‌ನ ಹಲ್ಲುಗಳ ನಡುವೆ ಬೆಳ್ಳಗೆ ಮಿನುಗುವ ಅಲ್ಯುಮಿನಿಯಂ ಸುರುಳಿ ಸುತ್ತಿಕೊಂಡು ಬರುತ್ತದೆ. ಈ ಮೆತ್ತಗಾಗುವ ಕ್ಷಣಕ್ಕೂ ಸರಿಯಾದ ಬಿಗಿಗೂ ನಡುವೆ ಇರುವುದು ಕೆಲವೇ ನ್ಯೂಟನ್ ಮೀಟರ್. ಉದ್ದನೆಯ ಹಿಡಿಯ ದೊಡ್ಡ ರೆಂಚ್‌ನಲ್ಲಿ ಆ ಅಂತರ ಕೈಗೆ ತಿಳಿಯುವುದೇ ಇಲ್ಲ.

ರೆಂಚ್‌ಗಳ ಹೋಲಿಕೆ

ಕೈ ಅಂದಾಜಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಗ್ಯಾರೇಜುಗಳಲ್ಲಿ ಬಹುಪಾಲು ಕೆಲಸ ನಡೆಯುವುದು ಹಾಗೆಯೇ. ನುರಿತ ಮೆಕ್ಯಾನಿಕ್‌ನ ಕೈಗೆ ಬೆಲೆ ಇದೆ. ಥ್ರೆಡ್ ಅಡ್ಡ ಹತ್ತಿದ್ದು, ಕೊಳೆ ಸಿಕ್ಕಿಕೊಂಡದ್ದು, ಬೋಲ್ಟ್ ಮೆತ್ತಗಾಗುತ್ತಿರುವುದು, ಇವನ್ನೆಲ್ಲ ಯಾವ ಉಪಕರಣಕ್ಕಿಂತಲೂ ಮೊದಲು ಗುರುತಿಸುವುದು ಆ ಕೈ. ಆದರೆ ಹತ್ತಾರು ಬೋಲ್ಟ್‌ಗಳನ್ನು ಒಂದೇ ಸಮನಾಗಿ ಬಿಗಿ ಮಾಡಬೇಕಾದಲ್ಲಿ ಕೈ ಸೋಲುತ್ತದೆ. ಕಾರಿನ ಕೆಳಗೆ ಮಲಗಿ ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ತೋಳು ಚಾಚಿ ಬಿಗಿ ಮಾಡುವಾಗ ಅಂದಾಜು ಒಂದೇ ಆಗಿರಲು ಸಾಧ್ಯವಿಲ್ಲ. ಬ್ಯಾಟರಿ ಟ್ರೇ, ಕೇಬಲ್ ಬ್ರಾಕೆಟ್, ಕೆಳಗಿನ ಪ್ಲಾಸ್ಟಿಕ್ ಕವರ್ ಇಂಥವಕ್ಕೆ ಕೈ ಸಾಕು. ಎಣ್ಣೆಯ ಒತ್ತಡವನ್ನು ಹಂಚಿ ಗೇರ್ ಬದಲಿಸುವ ವಾಲ್ವ್ ಬಾಡಿಗೆ ಖಂಡಿತ ಸಾಲದು.

ಬೀಮ್ ರೆಂಚ್, ಅಂದರೆ ಉದ್ದನೆಯ ಕಂಬಿ ಬಾಗಿದಂತೆ ಮುಳ್ಳು ಅಂಕಿ ತೋರಿಸುವ ಹಳೆಯ ಮಾದರಿ, ನನಗೆ ಬಹಳ ಮೆಚ್ಚುಗೆಯದು. ಒಳಗೆ ಸ್ಪ್ರಿಂಗ್ ಇಲ್ಲ, ಸವೆಯುವ ಭಾಗ ಇಲ್ಲ. ಮುಳ್ಳು ಸೊನ್ನೆಯ ಮೇಲೆ ನಿಂತಿದ್ದರೆ ರೆಂಚ್ ಸರಿ ಇದೆ ಎಂದು ಎದುರಿಗೇ ಕಾಣುತ್ತದೆ. ಎಡಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಬೋಲ್ಟ್‌ಗೂ ನಡೆಯುತ್ತದೆ. ಹೋಂಡಾದ ಹಲವು ಗೇರ್‌ಬಾಕ್ಸ್‌ಗಳಲ್ಲಿ ಡಿಫರೆನ್ಷಿಯಲ್‌ನ ರಿಂಗ್ ಗೇರ್ ಬೋಲ್ಟ್‌ಗಳು ಎಡಮರೆ, ಇದು ಗೊತ್ತಿಲ್ಲದೆ ಬಿಚ್ಚಲು ಹೋದವರು ಇನ್ನಷ್ಟು ಬಿಗಿ ಮಾಡಿಬಿಡುತ್ತಾರೆ. ಬೀಮ್‌ನ ತೊಂದರೆ ಎಂದರೆ ಅಂಕಿಯನ್ನು ನೇರವಾಗಿ ಮೇಲಿನಿಂದ ನೋಡಬೇಕು, ಓರೆಯಿಂದ ನೋಡಿದರೆ ತಪ್ಪು ಓದುತ್ತೀರಿ. ಕಾರಿನಡಿ ಅಂಗಾತ ಮಲಗಿದಾಗ ಅದು ಕಷ್ಟ. ಹಿಡಿಯನ್ನು ಅದರ ಮಧ್ಯದ ಗೂಟದ ಮೇಲೆ ತೂಗುವಂತೆ ಹಿಡಿಯಬೇಕು, ಒಂದು ಬದಿಗೆ ಒತ್ತಿದರೆ ಅಳತೆ ಕೆಡುತ್ತದೆ. ಗೇರ್‌ಬಾಕ್ಸ್ ಕೆಳಗಿಳಿದು ಮೇಜಿನ ಮೇಲೆ ಇದ್ದರೆ ಬೀಮ್ ಒಳ್ಳೆಯ ಆಯ್ಕೆ.

ಕ್ಲಿಕ್ ರೆಂಚ್ ಈಗ ಎಲ್ಲರ ಕೈಯಲ್ಲೂ ಇದೆ. ಅಂಕಿ ಹೊಂದಿಸಿ ಎಳೆಯಿರಿ, ಟಕ್ ಎಂದಾಗ ನಿಲ್ಲಿಸಿ. ಅಂಕಿ ನೋಡುತ್ತಾ ಇರಬೇಕಾಗಿಲ್ಲವಾದ್ದರಿಂದ ಇಕ್ಕಟ್ಟಿನಲ್ಲಿ ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ವ್ಯಾಪ್ತಿಯ ತಳದಲ್ಲಿ ಕ್ಲಿಕ್ ಬಹಳ ಸಣ್ಣದು. ದೊಡ್ಡ ರೆಂಚನ್ನು ಕಡಿಮೆ ಅಂಕಿಗೆ ಇಟ್ಟು ಎಳೆದರೆ ಶಬ್ದವೂ ಕೇಳಿಸದೆ, ಕೈಗೂ ತಿಳಿಯದೆ ದಾಟಿ ಹೋಗುತ್ತೀರಿ. ಕೈಯಿಂದ ಬಳಸುವ ಟಾರ್ಕ್ ಉಪಕರಣಗಳಿಗಿರುವ ಐಎಸ್‌ಒ 6789 ಮಾನದಂಡವೂ ಇಂಥ ರೆಂಚ್‌ಗಳನ್ನು ಪರೀಕ್ಷಿಸುವುದು ಗರಿಷ್ಠದ ಶೇ 20ರಿಂದ ಮೇಲಕ್ಕೆ. ಹೊಂದಿಸಬಲ್ಲ ಕ್ಲಿಕ್ ರೆಂಚ್‌ಗೆ ಅದು ಒಪ್ಪುವ ದೋಷ 10 ನ್ಯೂಟನ್ ಮೀಟರ್ ಮೀರಿದ ರೆಂಚ್‌ಗಳಲ್ಲಿ ಶೇ 4, ಅದಕ್ಕಿಂತ ಚಿಕ್ಕವಲ್ಲಿ ಶೇ 6. ಬೀಮ್‌ಗೂ ಶೇ 6. ನಮ್ಮ ಕೆಲಸಕ್ಕೆ ಈ ವ್ಯತ್ಯಾಸ ದೊಡ್ಡದಲ್ಲ. ಮೇಲೆ ನೋಡಿದ ಎಣ್ಣೆಯ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು.

ಕ್ಲಿಕ್ ರೆಂಚ್ ಬಳಸುವವರು ಮೂರು ವಿಷಯ ಗಮನಿಸಬೇಕು. ನಿಧಾನವಾಗಿ, ಒಂದೇ ಎಳೆತದಲ್ಲಿ ಎಳೆಯಿರಿ, ಝಾಡಿಸಿದರೆ ಕ್ಲಿಕ್ ಬರುವ ಹೊತ್ತಿಗೆ ಅಂಕಿ ಮೀರಿರುತ್ತದೆ. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಗುರುತಿಗೆ ಇಳಿಸಿ ಇಡಿ, ಅದಕ್ಕಿಂತಲೂ ಕೆಳಗೆ ಬಿಚ್ಚಬೇಡಿ. ಬೋಲ್ಟ್ ಸಡಿಲಿಸಲು ಅದನ್ನು ಎಂದೂ ಬಳಸಬೇಡಿ. ಬೇರೆ ನಿಯಮವೇನೂ ಇಟ್ಟುಕೊಳ್ಳದವರಿಗೆ ಅದೇ ಮಾನದಂಡ ಹೇಳುವ ಅವಧಿ 12 ತಿಂಗಳು ಅಥವಾ 5,000 ಎಳೆತ, ಅದಾದ ಮೇಲೆ ಮತ್ತೆ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿ ಇದೆಯೇ ಎಂಬ ಪರೀಕ್ಷೆ. ಬೆಂಗಳೂರಿನವರಿಗೆ ಪೀಣ್ಯದ ಕಡೆ ಈ ಕೆಲಸ ಮಾಡುವ ಪ್ರಯೋಗಾಲಯಗಳು ಸಿಗುತ್ತವೆ, ಪ್ರಯೋಗಾಲಯಗಳಿಗೆ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ಕೇಳಿ.

ಡಿಜಿಟಲ್ ರೆಂಚ್ ಗುರಿ ಹತ್ತಿರ ಬಂದಂತೆ ಬೀಪ್ ಮಾಡುತ್ತದೆ, ದೀಪ ಹೊತ್ತಿಸುತ್ತದೆ, ತಲುಪಿದ ಗರಿಷ್ಠ ಅಂಕಿಯನ್ನು ಹಿಡಿದಿಟ್ಟು ತೋರಿಸುತ್ತದೆ. ಕೋನ ಅಳೆಯುವ ಸೌಲಭ್ಯ ಇರುವುದು ಸಿಕ್ಕರೆ ಅದರ ನಿಜವಾದ ಉಪಯೋಗ ಅಲ್ಲಿದೆ. ದಿನವೂ ಗೇರ್‌ಬಾಕ್ಸ್ ಬಿಚ್ಚುವ ಗ್ಯಾರೇಜ್‌ಗೆ ಇದು ಹೇಳಿಮಾಡಿಸಿದ್ದು. ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವವರು ಇದಕ್ಕೆ ಹಣ ಸುರಿಯಬೇಕಾಗಿಲ್ಲ.

ಹಾಗಾದರೆ ಯಾವುದು? ಕಾಲು ಇಂಚಿನ ಡ್ರೈವ್ ಇರುವ 5ರಿಂದ 25 ನ್ಯೂಟನ್ ಮೀಟರ್‌ನ ಕ್ಲಿಕ್ ರೆಂಚ್ ಮೊದಲು. ಪ್ಯಾನ್ (ತಳದ ಎಣ್ಣೆ ತಟ್ಟೆ), ಸ್ಟ್ರೈನರ್ (ಎಣ್ಣೆ ಸೋಸುವ ಜಾಲರಿ), ವಾಲ್ವ್ ಬಾಡಿ, ಸೊಲೆನಾಯ್ಡ್ (ವಿದ್ಯುತ್ತಿನಿಂದ ಎಣ್ಣೆಯ ದಾರಿ ತೆರೆದು ಮುಚ್ಚುವ ಭಾಗ), ಸಿವಿಕ್‌ನ ಕನ್ವರ್ಟರ್ ಬೋಲ್ಟ್ ಎಲ್ಲವೂ ಇದರೊಳಗೆ ಬರುತ್ತವೆ. ಎರಡನೆಯದು ಎಂಟರಲ್ಲಿ ಮೂರು ಇಂಚಿನ, ಅಂಗಡಿಯವರು ತ್ರೀ ಬೈ ಎಯ್ಟ್ ಎನ್ನುವ, 20ರಿಂದ 110ರವರೆಗಿನದು. ಡ್ರೈನ್ ಪ್ಲಗ್, ಬೆಲ್ ಹೌಸಿಂಗ್ (ಪೆಟ್ಟಿಗೆ ಎಂಜಿನ್ನಿಗೆ ಸೇರುವ ಭಾಗ), ಮೌಂಟ್‌ಗಳು ಇದರ ಪಾಲು. ಹೋಂಡಾದ ಡ್ರೈನ್ ಪ್ಲಗ್‌ನ ಚೌಕ ಗುಂಡಿಗೂ ಇದೇ ಅಳತೆಯ ಡ್ರೈವ್ ನೇರವಾಗಿ ಕೂರುತ್ತದೆ. ಅರ್ಧ ಇಂಚಿನದು ಕೊನೆಗೆ, ಡ್ರೈವ್ ಶಾಫ್ಟ್ ನಟ್‌ಗೆ. ಆ ಒಂದು ನಟ್‌ಗಾಗಿ ಬಾಡಿಗೆಗೋ ಕಡವಾಗಿಯೋ ತಂದರೂ ನಡೆಯುತ್ತದೆ. ಎಣ್ಣೆ ಮಟ್ಟ ನೋಡಲು ಒಳಗೆ ಸಣ್ಣ ಓವರ್‌ಫ್ಲೋ ಕೊಳವೆ ಇರುವ ಗೇರ್‌ಬಾಕ್ಸ್‌ಗಳಲ್ಲಿ ಆ ಕೊಳವೆ ಎಷ್ಟೋ ಕಡೆ ಪ್ಲಾಸ್ಟಿಕ್‌ನದು. ಅದಕ್ಕೆ ಈ ಯಾವ ರೆಂಚೂ ಬೇಡ, ಬೆರಳಿನಲ್ಲಿ ಕೂರಿಸಿ ಮೆಲ್ಲಗೆ ಮುಟ್ಟಿಸಿದರೆ ಮುಗಿಯಿತು.

ಬ್ಯಾಟರಿ ಇಂಪ್ಯಾಕ್ಟ್ ಗನ್ ಬಗ್ಗೆ ಒಂದೇ ಮಾತು: ಬಿಚ್ಚಲು ಆಗಬಹುದು, ಅಲ್ಯುಮಿನಿಯಂ ಒಳಗೆ ಬೋಲ್ಟ್ ಹಾಕಲು ಬೇಡವೇ ಬೇಡ.

ಅಂಕಿ ಓದುವಾಗ

ಜಪಾನಿ ಕಾರುಗಳ ಪುಸ್ತಕಗಳಲ್ಲಿ ಒಂದೇ ಬೋಲ್ಟ್‌ಗೆ ಮೂರು ಅಂಕಿ ಇರುತ್ತವೆ: 49 ನ್ಯೂಟನ್ ಮೀಟರ್, 5.0 ಕೆಜಿ ಮೀಟರ್, 36 ಪೌಂಡ್ ಅಡಿ. 49ನ್ನು ಪೌಂಡ್ ಅಡಿಯ ಗುರುತಿಗೆ ಇಟ್ಟರೆ ನಿಜವಾಗಿ ಹಾಕಿದ್ದು 66 ನ್ಯೂಟನ್ ಮೀಟರ್. ಡ್ರೈನ್ ಪ್ಲಗ್ ಬಲಿ ಬೀಳಲು ಅಷ್ಟು ಸಾಕು. ಕೆಲವು ಪುಸ್ತಕಗಳು ಕೆಜಿ ಸೆಂಟಿಮೀಟರ್‌ನಲ್ಲೂ ಕೊಡುತ್ತವೆ, ಅಲ್ಲಿ 12 ನ್ಯೂಟನ್ ಮೀಟರ್ ಎನ್ನುವುದು 120ರ ಆಸುಪಾಸು ಕಾಣಿಸುತ್ತದೆ. ಕೆಲಸ ಶುರುವಾಗುವ ಮೊದಲೇ ಬೇಕಾದ ಅಂಕಿಗಳನ್ನೆಲ್ಲ ನ್ಯೂಟನ್ ಮೀಟರ್‌ನಲ್ಲಿ ಒಂದು ಹಾಳೆಗೆ ಬರೆದು ಕಣ್ಣೆದುರು ಅಂಟಿಸಿ. ಮೇಲೆ ಕೊಟ್ಟ ಸಿವಿಕ್ ಅಂಕಿಗಳನ್ನು ಬೇರೆ ಕಾರಿಗೆ ಒಯ್ಯಬೇಡಿ, ನಿಮ್ಮ ಗೇರ್‌ಬಾಕ್ಸ್‌ನ ಪುಸ್ತಕವೇ ಪ್ರಮಾಣ.

ಸಾಕೆಟ್‌ಗೆ ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿದರೆ ಅಂಕಿ ಬದಲಾಗುವುದಿಲ್ಲ, ರೆಂಚ್ ಅದಕ್ಕೆ ಲಂಬ ಕೋನದಲ್ಲಿದ್ದರೆ ಸಾಕು. ಬದಲಾಗುವುದು ಕ್ರೋಫುಟ್, ಅಂದರೆ ಇಕ್ಕಟ್ಟಿನ ಬೋಲ್ಟ್‌ಗೆ ಬದಿಯಿಂದ ತೂರಿಸುವ ಸ್ಪ್ಯಾನರ್ ತುದಿ ಹಾಕಿ ರೆಂಚಿನ ಉದ್ದವನ್ನೇ ಹೆಚ್ಚಿಸಿದಾಗ. ಹಿಡಿಯಿಂದ ಡ್ರೈವ್‌ವರೆಗೆ 400 ಮಿ.ಮೀ., ಕ್ರೋಫುಟ್‌ನಿಂದ ಇನ್ನೊಂದು 40 ಎಂದುಕೊಳ್ಳಿ. 64 ಬೇಕಿದ್ದರೆ 64ನ್ನು 400ರಿಂದ ಗುಣಿಸಿ 440ರಿಂದ ಭಾಗಿಸಿ, 58ಕ್ಕೆ ಇಡಬೇಕು. ಕ್ರೋಫುಟ್ಟನ್ನು ರೆಂಚಿಗೆ ಅಡ್ಡಡ್ಡ, 90 ಡಿಗ್ರಿಯಲ್ಲಿ ಕೂರಿಸಿದರೆ ಈ ತಿದ್ದುಪಡಿಯ ತಲೆನೋವೇ ಇಲ್ಲ.

ಬರೀ ಟಾರ್ಕೋ, ಟಾರ್ಕ್ ಜೊತೆ ಕೋನವೋ

ಇದನ್ನು ಆಯ್ದುಕೊಳ್ಳುವವರು ನಾವಲ್ಲ, ಕಾರು ಮಾಡಿದವರು. ಆದರೂ ವ್ಯತ್ಯಾಸ ಗೊತ್ತಿರಬೇಕು. ಫೋಕ್ಸ್‌ವ್ಯಾಗನ್ ತನ್ನ ಹಲವು ಎಂಜಿನ್‌ಗಳಲ್ಲಿ ಡ್ರೈವ್ ಪ್ಲೇಟನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಹಿಡಿಸುವ ಬೋಲ್ಟ್‌ಗಳಿಗೆ 60 ನ್ಯೂಟನ್ ಮೀಟರ್ ಹಾಕಿ, ಆ ಮೇಲೆ 90 ಡಿಗ್ರಿ ತಿರುಗಿಸಿ ಎನ್ನುತ್ತದೆ. ಮೊದಲ ಅಂಕಿ ಭಾಗಗಳನ್ನು ಸೇರಿಸಿ ಕೂರಿಸಲು. ಮುಂದಿನ ಕಾಲು ಸುತ್ತಿನಲ್ಲಿ ಬೋಲ್ಟ್ ಎಷ್ಟು ಹಿಗ್ಗಬೇಕೆಂಬುದನ್ನು ಥ್ರೆಡ್‌ನ ಪಿಚ್ಚೇ (ಹಲ್ಲಿನಿಂದ ಹಲ್ಲಿಗೆ ಇರುವ ದೂರ) ನಿರ್ಧರಿಸುತ್ತದೆ: ಪಿಚ್ 1 ಮಿ.ಮೀ. ಇದ್ದರೆ ಕಾಲು ಸುತ್ತಿಗೆ ಕಾಲು ಮಿ.ಮೀ. ಮುನ್ನಡೆ. ಇಲ್ಲಿ ಉಜ್ಜಾಟದ ಕೈವಾಡ ಬಹಳ ಕಡಿಮೆ, ಒತ್ತುಬಲ ಎಲ್ಲ ಬೋಲ್ಟ್‌ಗಳಲ್ಲೂ ಹೆಚ್ಚು ಸಮನಾಗಿ ಸಿಗುತ್ತದೆ.

ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಇಂಥ ಬೋಲ್ಟ್‌ಗಳು ಹಲವು ಸಲ ತಮ್ಮ ಸ್ಥಿತಿಸ್ಥಾಪಕ ಮಿತಿಯ ಅಂಚಿಗೆ ಅಥವಾ ಅದರಾಚೆಗೆ ಹೋಗುತ್ತವೆ, ಒಮ್ಮೆ ಹಿಗ್ಗಿದ್ದನ್ನು ಮತ್ತೆ ಹಾಕುವಂತಿಲ್ಲ. ಪುಸ್ತಕ ಹೊಸ ಬೋಲ್ಟ್ ಎಂದರೆ ಹೊಸದೇ. ಕೋನ ಬರೆದಿದ್ದಲ್ಲಿ ಅದನ್ನು ಅಂದಾಜು ಟಾರ್ಕ್‌ಗೆ ಬದಲಿಸಿಕೊಳ್ಳುವುದು, ಟಾರ್ಕ್ ಮಾತ್ರ ಬರೆದಿದ್ದಲ್ಲಿ ಕೊನೆಗೊಂದು ಕಾಲು ಸುತ್ತು ಸೇರಿಸುವುದು, ಎರಡೂ ಅಪಾಯ. ಕೋನ ಅಳೆಯಲು ಡಿಗ್ರಿ ಗೇಜ್ ಸಿಗುತ್ತದೆ. ಅದು ಇಲ್ಲದಿದ್ದರೆ ಬೋಲ್ಟ್ ತಲೆಯ ಮೇಲೆ ಬಿಳಿ ಪೇಂಟಿನ ಗೆರೆ ಎಳೆದುಕೊಂಡರೆ 90 ಡಿಗ್ರಿ ತಪ್ಪುವುದಿಲ್ಲ.

ಹಳೆಯದೋ, ಹೊಸದೋ

ಸಾದಾ ಬೋಲ್ಟ್ ನೇರವಾಗಿದ್ದು, ಥ್ರೆಡ್ ಚೊಕ್ಕವಾಗಿದ್ದು, ಕೈಯಲ್ಲೇ ತಳದವರೆಗೆ ತಿರುಗಿದರೆ ಹಳೆಯದೇ ನಡೆಯುತ್ತದೆ. ಥ್ರೆಡ್ ಮೇಲೆ ಬಣ್ಣದ ಅಂಟು ಲೇಪನ ಇರುವವನ್ನು ಬದಲಿಸುವುದು ಒಳ್ಳೆಯದು, ಪುಸ್ತಕ ಒಪ್ಪಿದರೆ ಹಳೆಯ ಅಂಟು ಪೂರ್ತಿ ತೆಗೆದು ಹೊಸ ಥ್ರೆಡ್‌ಲಾಕ್ ಹಾಕಬಹುದು. ಕಳೆದುಹೋದ ಬೋಲ್ಟ್‌ಗೆ ಬದಲು ಹುಡುಕುವಾಗ ತಲೆಯ ಮೇಲಿನ ಗುರುತು ನೋಡಿ, 8.8 ಇದ್ದಲ್ಲಿ 8.8. ತುಕ್ಕು ಹಿಡಿಯುವುದಿಲ್ಲ ಎಂದು ಸ್ಟೇನ್‌ಲೆಸ್ ಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ 8.8ಕ್ಕಿಂತ ಮೆದು, ಮೇಲಾಗಿ ಮಳೆನೀರು ತಾಗುವ ಜಾಗದಲ್ಲಿ ಅದರ ಸಹವಾಸಕ್ಕೆ ಅಲ್ಯುಮಿನಿಯಮ್ಮೇ ಕೊರೆದುಹೋಗುತ್ತದೆ. ಉದ್ದವೂ ಅಷ್ಟೇ ಮುಖ್ಯ. ವಾಲ್ವ್ ಬಾಡಿಯಲ್ಲಿ ಎರಡು ಮೂರು ಉದ್ದದ ಬೋಲ್ಟ್‌ಗಳಿರುತ್ತವೆ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ತಳ ಮುಟ್ಟಿ ರೆಂಚ್ ಕ್ಲಿಕ್ ಎನ್ನುತ್ತದೆ, ಭಾಗ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಬಿಚ್ಚುವಾಗಲೇ ರಟ್ಟಿನ ಮೇಲೆ ಚಿತ್ರ ಬರೆದು, ತೂತು ಮಾಡಿ, ಆಯಾ ಬೋಲ್ಟನ್ನು ಆಯಾ ಜಾಗಕ್ಕೆ ಸಿಕ್ಕಿಸಿಡಿ.

ಡ್ರೈನ್ ಪ್ಲಗ್‌ನ ಅಲ್ಯುಮಿನಿಯಂ ಅಥವಾ ತಾಮ್ರದ ವಾಷರ್ ಒಂದು ಸಲಕ್ಕೆ ಮಾತ್ರ. ಅದು ಹಿಸುಕಿಕೊಂಡು ಎರಡು ಮುಖಗಳ ಏರುತಗ್ಗು ತುಂಬುವುದರಿಂದಲೇ ಎಣ್ಣೆ ನಿಲ್ಲುವುದು. ಹಿಸುಕಿದ್ದನ್ನೇ ಮತ್ತೆ ಹಾಕಿದಾಗ ಹನಿ ಕಾಣುತ್ತದೆ, ಹನಿ ಕಂಡಾಗ ಇನ್ನಷ್ಟು ಬಿಗಿ ಮಾಡುತ್ತಾರೆ, ಹಾಗೆಯೇ ಗೇರ್‌ಬಾಕ್ಸ್‌ನ ಥ್ರೆಡ್ ಹೋಗುತ್ತದೆ. ಕೆಲವೇ ರೂಪಾಯಿಯ ವಾಷರ್ ಉಳಿಸಲು ಹೋಗಿ ಪೆಟ್ಟಿಗೆಯನ್ನೇ ಕೆಡಿಸಿಕೊಳ್ಳುವುದು ನೋಡಿದಾಗ ಹೊಟ್ಟೆ ಉರಿಯುತ್ತದೆ. ಒ-ರಿಂಗ್ ಇರುವ ಪ್ಲಗ್ ಬೇರೆ ಜಾತಿ. ಅಲ್ಲಿ ಎಣ್ಣೆ ತಡೆಯುವುದು ರಬ್ಬರ್, ಬಿಗಿ ಹೆಚ್ಚಿಸಿ ಏನೂ ಪ್ರಯೋಜನವಿಲ್ಲ.

ಗ್ಯಾಸ್ಕೆಟ್ಟೋ, ಅಂಟೋ

ಪ್ಯಾನ್‌ಗೆ ಕಾರ್ಕ್ ಅಥವಾ ರಬ್ಬರ್ ಗ್ಯಾಸ್ಕೆಟ್ ಇದ್ದಲ್ಲಿ ಅದನ್ನೇ ಹಾಕಿ, ಒಣಗಿದ್ದಾಗಲೇ ಹಾಕಿ. ಮೇಲೆ ಅನಾಬಾಂಡ್‌ನಂಥ ಸೀಲ್ ಮಾಡುವ ಅಂಟು ಬಳಿದರೆ ಗ್ಯಾಸ್ಕೆಟ್ ಜಾರಿ ಹೊರಗೆ ಉಬ್ಬುತ್ತದೆ. ಕಾರ್ಖಾನೆಯಿಂದಲೇ ಸಿಲಿಕೋನ್ ಅಂಟಿನಿಂದ ಕೂರಿಸಿದ್ದರೆ ಅಂಟೇ ಬೇಕು, ತೆಳ್ಳಗೆ, ಬೋಲ್ಟ್ ತೂತಿನ ಒಳಬದಿಗೆ ಹಾಯುವಂತೆ. ಹೆಚ್ಚಾದ ಸಿಲಿಕೋನ್ ಒಳಗೆ ಉದುರಿ ಸ್ಟ್ರೈನರ್‌ಗೆ ಸಿಕ್ಕಿಕೊಳ್ಳುತ್ತದೆ. ಎರಡು ಅಲ್ಯುಮಿನಿಯಂ ಪೆಟ್ಟಿಗೆಗಳು ನೇರ ಸೇರುವ ಕಡೆ ಪುಸ್ತಕ ಅನೇರೋಬಿಕ್ ಅಂಟು ಕೇಳಿದರೆ ಅದನ್ನೇ ತನ್ನಿ. ಗಾಳಿ ಇಲ್ಲದ ಕಡೆ ಮಾತ್ರ ಗಟ್ಟಿಯಾಗುವುದರಿಂದ ಒಳಗೆ ಇಳಿದ ಹೆಚ್ಚುವರಿ ಅಂಟು ದ್ರವವಾಗಿಯೇ ಉಳಿಯುತ್ತದೆ.

ತಗಡಿನ ಪ್ಯಾನ್ ಸೋರುವುದಕ್ಕೆ ಹೆಚ್ಚಿನ ಸಲ ಕಾರಣ ಹಿಂದಿನವರ ಅತಿ ಬಿಗಿ. ತೂತಿನ ಸುತ್ತ ತಗಡು ಒಳಗೆ ಕುಳಿ ಬಿದ್ದು, ಎರಡು ಬೋಲ್ಟ್‌ಗಳ ನಡುವೆ ಅಂಚು ಎದ್ದು ನಿಂತಿರುತ್ತದೆ. ಪ್ಯಾನನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿದರೆ ಸಂದು ಕಾಣುತ್ತದೆ. ಹಲಗೆಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಆ ಕುಳಿಗಳನ್ನು ತಟ್ಟಿ ಸಮ ಮಾಡದೆ ಯಾವ ಗ್ಯಾಸ್ಕೆಟ್ ಹಾಕಿದರೂ ಫಲವಿಲ್ಲ.

ಒಣಗಿಸಿಯೋ, ಎಣ್ಣೆ ಸವರಿಯೋ

ಪುಸ್ತಕ ಎಣ್ಣೆ ಸವರಿ ಎಂದು ಹೇಳದಿದ್ದರೆ ಚೊಕ್ಕ, ಒಣಗಿದ ಥ್ರೆಡ್. ಹೇಳಿದ್ದರೆ ಹೇಳಿದ್ದೇ ಎಣ್ಣೆ. ಗೇರ್‌ಬಾಕ್ಸ್ ಕೆಲಸದಲ್ಲಿ ಎಲ್ಲ ಕಡೆಯೂ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ ಹರಿದಾಡುತ್ತಿರುವುದರಿಂದ ಒಣಗಿಸುವುದೇ ಒಂದು ಕೆಲಸ. ಬೋಲ್ಟನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ಒರೆಸಿ. ತಳ ಮುಚ್ಚಿರುವ ತೂತುಗಳನ್ನು ಮರೆಯಲೇಬೇಡಿ. ಅದರಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಪಿಸ್ಟನ್ ಹಾಗೆ ಒತ್ತಿ, ಹೋಗಲು ದಾರಿಯಿಲ್ಲದ ಎಣ್ಣೆ ಪೆಟ್ಟಿಗೆಯ ಗೋಡೆಯನ್ನೇ ಬಿರುಕು ಬಿಡಿಸಬಲ್ಲದು. ಕನ್ನಡಕ ಹಾಕಿಕೊಂಡು, ಬಟ್ಟೆ ಅಡ್ಡ ಹಿಡಿದು ಗಾಳಿ ಊದಿ ಖಾಲಿ ಮಾಡಿ.

ಬಿಗಿ ಮಾಡುವ ಕ್ರಮ

ಮೊದಲು ಎಲ್ಲ ಬೋಲ್ಟ್‌ಗಳನ್ನೂ ಬೆರಳಿನಲ್ಲೇ ಹತ್ತಿಸಿ. ವಾಲ್ವ್ ಬಾಡಿಯಲ್ಲಿ ಪುಸ್ತಕ ಬೇರೆ ಕ್ರಮ ಕೊಡದಿದ್ದರೆ ನಡುವಿನಿಂದ ಹೊರಕ್ಕೆ ಸುತ್ತುತ್ತಾ, ಎರಡು ಸುತ್ತಿನಲ್ಲಿ. ಕೂದಲೆಳೆಯಷ್ಟು ಸಂದಿನಲ್ಲಿ ಓಡಾಡುವ ಸ್ಪೂಲ್ ವಾಲ್ವ್‌ಗಳು ಅದರೊಳಗಿವೆ. ಒಂದು ಮೂಲೆ ಹೆಚ್ಚು ಬಿಗಿಯಾಗಿ ಬಾಡಿ ತುಸು ತಿರುಚಿದರೂ ವಾಲ್ವ್ ಸಿಕ್ಕಿಕೊಂಡು ಗೇರ್ ತಡವಾಗಿ ಬೀಳುತ್ತದೆ. ಬಳಿಕ ಎಣ್ಣೆಯನ್ನೂ ಸೊಲೆನಾಯ್ಡನ್ನೂ ದೂರುತ್ತಾ ಕೂರುವಂತಾಗುತ್ತದೆ. ಸಿವಿಕ್‌ನ ಎಂಟು ಕನ್ವರ್ಟರ್ ಬೋಲ್ಟ್‌ಗಳಿಗೆ ಹೋಂಡಾ ಹೇಳುವುದು ಇದೇ ತತ್ವವನ್ನು: ಕ್ರ್ಯಾಂಕ್ ಪುಲ್ಲಿ ತಿರುಗಿಸುತ್ತಾ ಎಲ್ಲದಕ್ಕೂ ಮೊದಲು ಅರ್ಧ ಟಾರ್ಕ್, ಅಂದರೆ 6. ನಂತರ ಎದುರುಬದುರಾಗಿ ಪೂರ್ತಿ 12.

ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವಿನ ಸಂದನ್ನು ಬೋಲ್ಟ್ ಬಿಗಿ ಮಾಡಿ ಎಳೆದು ಮುಚ್ಚಬಾರದು. ಇಡೀ ಲೇಖನದಲ್ಲಿ ಒಂದನ್ನು ನೆನಪಿಡುವುದಾದರೆ ಇದನ್ನೇ ನೆನಪಿಡಿ. ಎರಡೂ ಕೈಯಲ್ಲಿ ಒತ್ತಿದಾಗಲೇ ಜೋಡಣೆಯ ಜಾಗ ತೋರಿಸುವ ಡೋವೆಲ್ ಪಿನ್‌ಗಳ ಮೇಲೆ ಪೂರ್ತಿ ಕೂರಬೇಕು. ಕೂರದಿದ್ದರೆ ಬಹುಶಃ ಕನ್ವರ್ಟರ್ ಎಣ್ಣೆ ಪಂಪಿನ ಒಳಕ್ಕೆ ಪೂರ್ತಿ ಇಳಿದಿಲ್ಲ. ಆಗ 64ರ ರೆಂಚ್ ಹಿಡಿದು ಎಳೆದರೆ ಪಂಪ್ ಒಡೆಯುತ್ತದೆ, ಒಡೆದದ್ದು ಎಂಜಿನ್ ಚಾಲೂ ಮಾಡುವವರೆಗೂ ಗೊತ್ತಾಗುವುದಿಲ್ಲ. ಜೋಡಿಸುವ ಮೊದಲೇ ಪೆಟ್ಟಿಗೆಯ ಅಂಚಿನಿಂದ ಕನ್ವರ್ಟರ್ ಎಷ್ಟು ಒಳಗಿದೆ ಎಂದು ಅಳೆದು ನೋಡಿ. ಜೋಡಿಸಿದ ಮೇಲೂ, ಡ್ರೈವ್ ಪ್ಲೇಟ್‌ಗೆ ಹಿಡಿಸುವ ಮೊದಲು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಥ್ರೆಡ್ ಆಗಲೇ ಹೋಗಿದ್ದರೆ

ತೂತನ್ನು ದೊಡ್ಡದಾಗಿ ಕೊರೆದು ಹೊಸ ಥ್ರೆಡ್ ಆಗಿ ಕೂರಿಸುವ ತಂತಿ ಸುರುಳಿ, ಹೆಲಿಕಾಯಿಲ್, ಅಗ್ಗ, ಸರಿಯಾಗಿ ಕೂರಿಸಿದರೆ ಅಲ್ಯುಮಿನಿಯಂನ ಮೂಲ ಥ್ರೆಡ್‌ಗಿಂತ ಗಟ್ಟಿ. ಪ್ಯಾನ್, ವಾಲ್ವ್ ಬಾಡಿಯ ಎಂ6 ತೂತುಗಳಿಗೆ ನನ್ನ ಆಯ್ಕೆ ಇದು. ಮತ್ತೆ ಮತ್ತೆ ಬಿಚ್ಚುವ ಡ್ರೈನ್ ಪ್ಲಗ್‌ಗೆ ಗಟ್ಟಿ ಬುಶ್ ರೂಪದ ಇನ್ಸರ್ಟ್ ಮೇಲು, ಖರ್ಚು ಜಾಸ್ತಿಯಾದರೂ ಸರಿ. ಒಳ್ಳೆಯ ಲೇತ್ ಅಂಗಡಿಯಲ್ಲಿ ನೇರವಾಗಿ ಕೊರೆಸಿ. ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ದಪ್ಪ ಪ್ಲಗ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಕೊಳ್ಳಬೇಡಿ. ಕೊರೆದ ಅಲ್ಯುಮಿನಿಯಂ ಪುಡಿ ಒಳಗೇ ಬೀಳುತ್ತದೆ, ಅಯಸ್ಕಾಂತಕ್ಕೂ ಸಿಗುವುದಿಲ್ಲ. ಎಪಾಕ್ಸಿ ತುಂಬುವುದು ದುರಸ್ತಿಯ ಲೆಕ್ಕಕ್ಕೇ ಬರುವುದಿಲ್ಲ.

ಕೊನೆಯ ಪರಿಶೀಲನೆ

ಗೇರ್‌ಬಾಕ್ಸ್ ತಣ್ಣಗಿದ್ದಾಗ ಬಿಗಿ ಮಾಡಿ. ಅಲ್ಯುಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಕಾದ ಪೆಟ್ಟಿಗೆಯಲ್ಲಿ ಸರಿಯಾಗಿ ಬಿಗಿ ಮಾಡಿದ ಬೋಲ್ಟ್ ಅದು ತಣಿದ ಮೇಲೆ ಅಷ್ಟು ಬಿಗಿ ಉಳಿಯುವುದಿಲ್ಲ. ಎಣ್ಣೆ ಬಿಸಿ ಮಾಡಿ ಮಟ್ಟ ನೋಡುವ ಪ್ಲಗ್‌ಗಳಿಗೆ ಮಾತ್ರ ಪುಸ್ತಕ ಹೇಳಿದ ಉಷ್ಣತೆಯಲ್ಲೇ ಕೆಲಸ ಮುಗಿಸಬೇಕಾಗುತ್ತದೆ.

ಪೂರ್ತಿ ಟಾರ್ಕ್ ಹಾಕಿದ ಪ್ರತಿ ಬೋಲ್ಟ್‌ಗೂ ಕೂಡಲೇ ಪೇಂಟ್ ಪೆನ್ನಿನಿಂದ ತಲೆ ಮತ್ತು ಪೆಟ್ಟಿಗೆ ಎರಡಕ್ಕೂ ತಾಗುವ ಒಂದು ಗೆರೆ ಎಳೆಯಿರಿ. ಗೆರೆ ಇಲ್ಲದ್ದು ಬಾಕಿ ಎಂದು ಆಗಲೇ ಕಾಣುತ್ತದೆ, ಮುಂದೆ ಬೋಲ್ಟ್ ಸಡಿಲವಾದರೂ ಗೆರೆ ಮುರಿದು ತೋರಿಸುತ್ತದೆ. ಖಾತ್ರಿಗೆಂದು ಮತ್ತೊಮ್ಮೆ ರೆಂಚ್ ಹಾಕಿ ಎಳೆಯಬೇಡಿ. ನಿಂತ ಬೋಲ್ಟ್ ಕ್ಲಿಕ್ ಎಂದರೆ ಅದು ಕನಿಷ್ಠ ಅಷ್ಟು ಬಿಗಿ ಇದೆ ಎಂದಷ್ಟೇ ಗೊತ್ತಾಗುತ್ತದೆ, ಮೀರಿದೆಯೇ ಎಂಬುದು ತಿಳಿಯುವುದಿಲ್ಲ. ಪ್ರತಿ ಎಳೆತಕ್ಕೂ ಕೊಂಚ ಕೊಂಚ ತಿರುಗಿ ಎಂ6 ಮಿತಿಯ ಹತ್ತಿರ ಹೋಗುತ್ತಿರುತ್ತದೆ. ಅನುಮಾನ ಬಂದರೆ ಆ ಬೋಲ್ಟನ್ನು ಪೂರ್ತಿ ಸಡಿಲಿಸಿ, ಥ್ರೆಡ್ ಒರೆಸಿ, ಮೊದಲಿನಿಂದ ಬಿಗಿ ಮಾಡಿ. ಮಾರನೆಯ ದಿನ ಕಾರಿನಡಿ ಒಣ ರಟ್ಟು ಹಾಸಿ ಹನಿ ನೋಡಿ. ಹನಿ ಕಂಡರೆ ರೆಂಚ್ ಹಿಡಿಯುವ ಮೊದಲು ಆ ಜಾಗದ ವಾಷರ್, ಗ್ಯಾಸ್ಕೆಟ್, ಪ್ಯಾನಿನ ಅಂಚು ಈ ಮೂರನ್ನು ಪರೀಕ್ಷಿಸಿ.